ಬಿಳಿ ಅಕ್ಷರದ ಸೇಫ್ಟಿ

ಲಾಕ್‌ಡೌನ್‌ಗಳೆಲ್ಲ ಮುಗಿದು ಎರಡನೆಯ ಬೇಸಿಗೆ. ಆಗ ನಾನು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ, ಹಳೆಯ ಸಿನಿಮಾ ರೀಲುಗಳನ್ನು ಡಿಜಿಟಲ್ ಪ್ರತಿ ಮಾಡಿಕೊಡುವ ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ ಫಿಲ್ಮ್ ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಅಂದ ಕೂಡಲೇ ನಾವಿದ್ದ ಪಾಯಿಂಟ್ ಕುಕ್ ಬಡಾವಣೆಯ ಕನ್ನಡದವರು ಪೊಲೀಸೋ, ಟ್ಯಾಕ್ಸ್ ಆಫೀಸೋ ಎಂದು ಕೇಳುತ್ತಿದ್ದರು. ಎರಡೂ ಅಲ್ಲ. ರೀಲಿನ ಡಬ್ಬಿ ತೆರೆದು, ಮೂಸಿ, ಮುಟ್ಟಿ, ಇದು ಬದುಕಿದೆಯೋ ಸತ್ತಿದೆಯೋ ಎಂದು ಹೇಳುವ ಕೆಲಸ ನನ್ನದು. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿ ಬಂದಿದ್ದೆ. ನನಗೆ ಗೊತ್ತಿಲ್ಲದ ರೀಲಿಲ್ಲ ಎಂಬ ಜಂಬವೂ ಸಾಕಷ್ಟಿತ್ತು.

ನನ್ನ ವೀಸಾ ಆ ಸಂಸ್ಥೆಯದೇ ಸ್ಪಾನ್ಸರ್‌ಶಿಪ್. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿಯ ಅರ್ಜಿಗೆ ಅವರ ಪತ್ರ ಬೇಕಿತ್ತು, ಪತ್ರ ಬರೆಯಬೇಕಾದವನು ನನ್ನ ಮೇಲಧಿಕಾರಿ ಗ್ರೇಮ್. ನಲವತ್ತು ವರ್ಷ ಫಿಲ್ಮ್ ಜೊತೆ ಕಳೆದ, ಮಾತು ಕಡಿಮೆಯ ಮನುಷ್ಯ. ಅವನನ್ನು ಮೆಚ್ಚಿಸಬೇಕು ಎಂಬ ಆಸೆಯೇ ಮುಂದಿನ ಅನಾಹುತಕ್ಕೆಲ್ಲ ಮೂಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸಿಡ್ನಿಯ ದಿ ಪಾಂಡ್ಸ್ ಸಬರ್ಬಿನಿಂದ ಡೆನಿಸ್ ಎಂಬ ಹಿರಿಯರೊಬ್ಬರು ನಮಗೆ ಈಮೇಲ್ ಮಾಡಿದ್ದರು. ಮಂಗಳೂರು ಕಡೆಯವರು, ಮಗಳ ಸಂಸಾರದ ಜೊತೆಗಿದ್ದರು. ಅವರ ತಂದೆ ಬೆಂಗಳೂರು ಕಂಟೋನ್ಮೆಂಟಿನ ಒಂದು ಇಂಗ್ಲಿಷ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ವಿತರಕ ಮರಳಿ ಒಯ್ಯದೇ ಬಿಟ್ಟ ಒಂದು ಹಾಲಿವುಡ್ ಚಿತ್ರದ ಐದು ಡಬ್ಬಿ ಅವರ ಮನೆಯಲ್ಲೇ ಉಳಿದಿದ್ದವು. ಅವು ಮನೆಸಾಮಾನಿನ ಕಂಟೇನರಿನಲ್ಲಿ ಹಡಗು ಹತ್ತಿ ಸಿಡ್ನಿಗೂ ಬಂದಿದ್ದವು. ಕ್ರಿಸ್ಮಸ್ ರಜೆಗೆ ನಾನೂ ಹದಿಮೂರು ವರ್ಷದ ಮಗಳು ರಿಯಾಳೂ ಸಿಡ್ನಿಯ ನೆಂಟರ ಮನೆಗೆ ಹೊರಟಿದ್ದೆವು. "ಹೇಗೂ ಹೋಗ್ತಿದ್ದೀಯ, ಒಂದು ಸಲ ನೋಡಿ ಬಾ" ಎಂದ ಗ್ರೇಮ್. ಅವನು ಹೇಳಿದ್ದು ನೋಡಿ ಬಾ ಎಂದಷ್ಟೇ. ತಗೊಂಡು ಬಾ ಎಂದಿರಲಿಲ್ಲ.

ಡೆನಿಸ್ ಅಂಕಲ್ ಎಪ್ಪತ್ತಾರರ, ಬೆನ್ನು ಬಾಗದ ಮನುಷ್ಯ. ಹೋದ ಕೂಡಲೇ ಡಬ್ಬಿ ತೋರಿಸಲಿಲ್ಲ. "ಮೊದಲು ಸಿನಿಮಾ ನೋಡುವ, ಮತ್ತೆ ಡಬ್ಬಿ" ಎಂದು ಕೂರಿಸಿದರು. ಇಂಟರ್‌ನೆಟ್ಟಿನಲ್ಲಿ ಅದರದೊಂದು ಮಸುಕು ಪ್ರತಿ ಇತ್ತು. ಟೀವಿಗೆ ಹಾಕಿ, ಬಾಯಾಡಿಸಲು ಅವರ ಮಗಳು ಮಾಡಿದ ಕ್ರಿಸ್ಮಸ್ ತಿಂಡಿ ಕಲ್‌ಕಲ್ ಕೊಟ್ಟು, ಸಂಜೆ ನಾಲ್ಕಕ್ಕೆ ಶುರು ಮಾಡಿದರು.

ಚಿತ್ರದ ಹೆಸರು ಹೇಳುವುದಿಲ್ಲ, ಹೇಳಿದರೂ ಯಾರಿಗೂ ನೆನಪಾಗದು. ಎರಡನೆಯ ಮಹಾಯುದ್ಧ ಮುಗಿದ ಕೆಲ ವರ್ಷಕ್ಕೆ ತೆಗೆದ, ಯುದ್ಧಕಾಲದ ಕಥೆಯ ಮೆಲೋಡ್ರಾಮಾ. ಕಥೆ ನಿಜವಾಗಿ ಚೆನ್ನಾಗಿತ್ತು: ಹೊಡೆದುರುಳಿಸಿದ ವಿಮಾನದ ಕಿರಿಯ ಪೈಲಟ್, ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುವ ಫ್ರೆಂಚ್ ವಿಧವೆ, ಹೊರಗೆ ಹುಡುಕುವ ಸೈನಿಕರು. ಕ್ಯಾಮೆರಾ ಕೆಲಸವಂತೂ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಕೆಟ್ಟದ್ದೆಲ್ಲ ಪಾತ್ರಧಾರಿಗಳಿಂದ. ಇಪ್ಪತ್ತನಾಲ್ಕರ ಪೈಲಟ್ ಆಗಿ ಐವತ್ತು ದಾಟಿದ ಒಬ್ಬ ಹಾಸ್ಯನಟ. ಬೆಲ್ಟು ಬಿಗಿದರೆ ಹೊಟ್ಟೆ ಮೇಲೆ ಬರುತ್ತಿತ್ತು, ಬಿಟ್ಟರೆ ಪ್ಯಾಂಟ್ ಕೆಳಗೆ ಹೋಗುತ್ತಿತ್ತು. ಸಾಯುವ ದೃಶ್ಯದಲ್ಲೂ ಹುಬ್ಬು ಹಾರಿಸುತ್ತಿದ್ದ, ಪಾಪ, ಅಭ್ಯಾಸಬಲ. ಮೂರು ಮಕ್ಕಳ ವಿಧವೆಯಾಗಿ ಇನ್ನೂ ಎಳಸು ಮುಖದ ಹುಡುಗಿ. ಪ್ರತಿ ದೃಶ್ಯಕ್ಕೂ ಅವಳ ಫ್ರೆಂಚ್ ಉಚ್ಚಾರಣೆ ಬೇರೆ ಊರಿನದು. ಸಾಲದ್ದಕ್ಕೆ ಒಬ್ಬ ಇಂಡಿಯನ್ ಡಾಕ್ಟರ್: ಮುಖಕ್ಕೆ ಮಸಿ ಬಳಿದ ಬಿಳಿಯ ನಟ, ತಲೆಗೆ ಸ್ನಾನ ಮುಗಿಸಿ ಸುತ್ತಿಕೊಂಡ ಟವಲಿನಂಥ ರುಮಾಲು. ಭಯ ಹುಟ್ಟಬೇಕಾದ ಕಡೆಯೆಲ್ಲ ನಮಗೆ ನಗು ಬಂತು. ಇಂಥ ಕಥೆಯನ್ನು ಇಂಥವರ ಕೈಗೆ ಕೊಟ್ಟರಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ರಿಯಾ ಸೋಫಾದ ಮೇಲೆ ಬಿದ್ದು ನಕ್ಕಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಹೀ ಈಸ್ ನಾಟ್ ಎ ಸೋಲ್ಜರ್, ಅಮ್ಮಾ. ಹೀ ಈಸ್ ಜಸ್ಟ್ ಎ ಯೂನಿಫಾರ್ಮ್!"

"ಫ್ಲಾಪ್ ಮಗಾ, ಫ್ಲಾಪ್" ಎಂದು ಅಂಕಲ್ ಕೂಡ ನಕ್ಕರು. "ಮೂರೇ ದಿನ ಓಡಿದ್ದು. ಜನ ಬೆಂಚು ಕುಟ್ಟಿ ಗಲಾಟೆ ಮಾಡಿದ್ದಂತೆ. ಆದ್ರೂ ನನ್ನ ಅಪ್ಪನಿಗೆ ಇದರ ಮೇಲೆ ಎಂತದೋ ಒಂದು ಪ್ರೀತಿ. ಅವರು ಓಡಿಸಿದ ಪ್ರಿಂಟನ್ನು ಒಮ್ಮೆ ದೊಡ್ಡ ಪರದೆಯಲ್ಲಿ ನೋಡ್ಬೇಕು, ಅಷ್ಟೇ ನನ್ನ ಆಸೆ."

ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಅವರ ಗ್ಯಾರೇಜಿನಲ್ಲಿ ಡಬ್ಬಿ ನೋಡಿದೆ. ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಾಲದ ಫಿಲ್ಮಿನಲ್ಲಿ ಎರಡು ಬಗೆ. ಹಳೆಯದು ನೈಟ್ರೇಟ್. ಅದಕ್ಕೆ ಬೆಂಕಿ ತಗುಲಿದರೆ ಮುಗಿಯಿತು, ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ನೀರಿನೊಳಗೂ ಉರಿಯುತ್ತದೆ, ಹೊಗೆ ವಿಷ. ಕೆಟ್ಟುಹೋದ ನೈಟ್ರೇಟ್ ನಲವತ್ತು ಡಿಗ್ರಿ ಆಸುಪಾಸಿನ ಸೆಕೆಯಲ್ಲಿ ಬಹಳ ಹೊತ್ತು ಕೂತರೆ ಯಾರೂ ಕಡ್ಡಿ ಗೀರದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಆಮೇಲೆ ಬಂದ, ಹಾಗೆ ಉರಿಯದ ಫಿಲ್ಮಿಗೆ ಸೇಫ್ಟಿ ಎಂದು ಹೆಸರು. ಅದರ ಅಂಚಿನಲ್ಲಿ ಆ ಪದವನ್ನೇ ಅಚ್ಚು ಮಾಡಿರುತ್ತಾರೆ.

ಮೇಲಿನ ಎರಡು ಡಬ್ಬಿ ತೆರೆದೆ. ಉಳಿದ ಮೂರರ ಮುಚ್ಚಳ ತುಕ್ಕು ಹಿಡಿದು, ಮೇಲೆ ಟೇಪು ಸುತ್ತಿತ್ತು, ಅವನ್ನು ತೆರೆಯಲಿಲ್ಲ. ತೆರೆದ ಎರಡರಲ್ಲೂ ಫಿಲ್ಮ್ ಹಸನಾಗಿತ್ತು. ಮೂಸಿದರೆ ಗಮ್ಮೆಂದು ಡಾಂಬರು ಗುಳಿಗೆಯ ವಾಸನೆ. ರೇಷ್ಮೆ ಸೀರೆಗೆ ಇಡುವ ಹಾಗೆ ಅಂಕಲ್ ಪ್ರತಿ ಡಬ್ಬಿಗೂ ನಾಲ್ಕು ಗುಳಿಗೆ ಹಾಕಿಟ್ಟಿದ್ದರು. ಆ ವಾಸನೆ ನನ್ನ ತಾಯಿಯ ಬೀರುವನ್ನು ನೆನಪಿಸಿತು, ಖುಷಿಯೇ ಆಯಿತು. ಆ ಗುಳಿಗೆಯ ಕೆಳಗೆ ಬೇರೆ ವಾಸನೆ ಅಡಗಿರಬಹುದು ಎಂದು ಹೊಳೆಯಲೇ ಇಲ್ಲ. ರೀಲಿನ ತುದಿಯಿಂದ ಗೇಣುದ್ದದ ಒಂದು ತುಂಡು ತಾನಾಗಿ ಕಳಚಿ ಬಂತು. ಮೊಬೈಲ್ ಟಾರ್ಚಿನಲ್ಲಿ ಅಂಚು ಓದಿದೆ. ಸೇಫ್ಟಿ. ಮನಸ್ಸು ಹಗುರವಾಯಿತು, ಆ ತುಂಡನ್ನು ಸುತ್ತಿ ಮಾತ್ರೆ ಡಬ್ಬಿಯಲ್ಲಿಟ್ಟು ಕೈಚೀಲಕ್ಕೆ ಹಾಕಿಕೊಂಡೆ.

"ಅಪ್ಪ ಈ ಡಬ್ಬಿ ಇಟ್ಟ ಕೋಣೆಗೆ ದೀಪ ತರ್ಲಿಕ್ಕೇ ಬಿಡ್ತಿರ್ಲಿಲ್ಲ ಮಾರಾಯ್ತಿ" ಎಂದರು ಅಂಕಲ್. "ದೀಪದ ಕ್ರಿಸ್ಮಸ್ ನಕ್ಷತ್ರ ಕಟ್ಟುವುದು ಸಹ ಮನೆಯ ಆಚೆ ಬದಿಗೆ. ನಮ್ಮ ಮಾವ ಒಮ್ಮೆ ಅಲ್ಲಿ ಬೀಡಿ ಹಚ್ಚಿದ್ದಕ್ಕೆ ಅಪ್ಪ ಕೈ ಎತ್ತಿದ್ದು ನನಗೆ ಈಗಲೂ ನೆನಪುಂಟು."

"ಇದು ಸೇಫ್ಟಿ ಅಂಕಲ್. ಪಾಪ, ಅವರಿಗೆ ಗೊತ್ತಿರಲಿಲ್ಲ ಅನಿಸುತ್ತೆ" ಎಂದೆ. ಹೀಗೇ ಹೇಳಿದೆ. ಜೀವನವಿಡೀ ರೀಲು ಓಡಿಸಿದ ಮನುಷ್ಯನಿಗೆ ಗೊತ್ತಿರಲಿಲ್ಲ ಎಂದು, ಮೊಬೈಲ್ ಟಾರ್ಚ್ ಹಿಡಿದುಕೊಂಡು ನಾನು ಹೇಳಿದೆ.

ನಿಯಮದ ಪ್ರಕಾರ ಫಾರ್ಮ್ ತುಂಬಿ, ಗ್ರೇಮ್ ಸಹಿ ಹಾಕಿ, ವಿಶೇಷ ವಾಹನ ಬರಬೇಕು. ಅದಕ್ಕೆ ಒಂದೂವರೆ ತಿಂಗಳು. ಸೇಫ್ಟಿ ತಾನೆ, ನಾನೇ ಒಯ್ದರೆ ಗ್ರೇಮ್‌ಗೂ ಖುಷಿ, ಅಂಕಲ್‌ಗೂ ಖುಷಿ ಎಂದು ಲೆಕ್ಕ ಹಾಕಿ, ಐದೂ ಡಬ್ಬಿಯನ್ನು ನಮ್ಮ ಕಾರಿನ ಡಿಕ್ಕಿಗೆ ಹಾಕಿಕೊಂಡೆ. ಬಿಸಿಲು ತಾಗದಿರಲೆಂದು ಮೇಲೆ ಬೆಡ್‌ಶೀಟ್ ಬೇರೆ ಹೊದಿಸಿದೆ. ಮೂರು ದಿನ ಬಿಟ್ಟು, ಬೆಳಿಗ್ಗೆ ಏಳಕ್ಕೆ ಮೆಲ್ಬರ್ನ್ ಕಡೆ ಹೊರಟೆವು. ಸುಮಾರು ಒಂಬೈನೂರು ಕಿಲೋಮೀಟರ್. ಆ ದಿನ ರಾಜ್ಯದಲ್ಲೆಲ್ಲ ಬಯಲಿನಲ್ಲಿ ಬೆಂಕಿ ಹಚ್ಚುವುದಕ್ಕೆ ನಿಷೇಧ ಎಂದು ರೇಡಿಯೋ ಹೇಳುತ್ತಿತ್ತು. ಹನ್ನೊಂದು ಗಂಟೆಗೆ ಕಾರಿನ ಪರದೆ ಹೊರಗಿನ ಸೆಕೆ ನಲವತ್ತೊಂದು ಎಂದು ತೋರಿಸಿತು.

ಗುಂಡಗೈ ಊರು ದಾಟುವ ಮೊದಲು ರಿಯಾ ಮೂಗು ಮುಚ್ಚಿಕೊಂಡಳು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. "ಅಮ್ಮಾ, ಇಟ್ ಸ್ಟಿಂಕ್ಸ್. ಲೈಕ್ ಓಲ್ಡ್ ಸಾಕ್ಸ್."

"ನಿನ್ನ ಶೂ ಇರಬೇಕು ಕಣೇ, ಕಿಟಕಿ ಇಳಿಸು" ಎಂದೆ.

ಹದಿನೈದು ನಿಮಿಷಕ್ಕೆ ಗ್ರೇಮ್ ಫೋನ್ ಬಂತು. ಕಾರಿನ ಸ್ಪೀಕರಿನಲ್ಲೇ ಮಾತಾಡಿದೆ. ಡಬ್ಬಿ ತರುತ್ತಿರುವುದನ್ನು ಬೀಗುತ್ತ ಹೇಳಿದೆ. ಅಂಚಿನಲ್ಲಿ ಸೇಫ್ಟಿ ಎಂದು ಓದಿದ್ದೇನೆ, ಹೆದರಬೇಡ ಎಂದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಅಕ್ಷರ ಕಪ್ಪಗಿತ್ತೋ, ಬೆಳ್ಳಗಿತ್ತೋ?"

ಈ ಪಾಠವನ್ನು ಹನ್ನೊಂದು ವರ್ಷದಲ್ಲಿ ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೆನೋ. ಪ್ರಿಂಟಿನ ಸ್ವಂತ ಗುರುತು ಕಪ್ಪು ಅಕ್ಷರದಲ್ಲಿರುತ್ತದೆ. ಕಪ್ಪು ಅಂಚಿನಲ್ಲಿ ಬಿಳಿ ಅಕ್ಷರವಿದ್ದರೆ ಅದು ನೆಗೆಟಿವ್‌ನ ಗುರುತು, ನಕಲು ಮಾಡುವಾಗ ಚಿತ್ರದ ಜೊತೆಗೇ ಇಳಿದುಬಂದದ್ದು. ಯುದ್ಧ ಮುಗಿದ ಮೇಲೆ, ಎರಡೂ ಬಗೆಯ ಫಿಲ್ಮ್ ಬಳಕೆಯಲ್ಲಿದ್ದ ವರ್ಷಗಳಲ್ಲಿ, ಸೇಫ್ಟಿ ನೆಗೆಟಿವಿನಿಂದ ನೈಟ್ರೇಟಿನ ಮೇಲೆ ಪ್ರಿಂಟ್ ತೆಗೆದದ್ದುಂಟು. ಆಗ ಬೆಂಕಿಯ ಮೈಮೇಲೆ ಸೇಫ್ಟಿ ಎಂದು ಬರೆದಿರುತ್ತದೆ. ನಾನು ಪದ ಓದಿದ್ದೆ, ಬಣ್ಣ ನೋಡಿರಲಿಲ್ಲ.

"ನೆನಪಿಲ್ಲ" ಎಂದೆ.

"ನಿಲ್ಲಿಸು. ಡಿಕ್ಕಿ ತೆರೆಯಬೇಡ. ಮಗಳನ್ನು ಕರೆದುಕೊಂಡು ದೂರ ಹೋಗು."

ಎರಡು ಕಿಲೋಮೀಟರಿಗೆ ವಿಶ್ರಾಂತಿ ತಾಣದ ಬೋರ್ಡ್ ಕಂಡಿತು. ಆ ಎರಡು ಕಿಲೋಮೀಟರ್ ನಾನು ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ಬ್ರೇಕ್ ತುಳಿಯಲೂ ಭಯ, ತುಳಿಯದಿರಲೂ ಭಯ. ಹಿಂದಿನ ಸೀಟಿನ ಬೆನ್ನಿಗೂ ಡಬ್ಬಿಗಳಿಗೂ ನಡುವೆ ಇದ್ದದ್ದು ಒಂದು ಬೆಡ್‌ಶೀಟ್ ಮತ್ತು ಒಂದು ರಟ್ಟಿನ ಹಲಗೆ. ರಿಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಂದಕ್ಕೆ ಬಾಗಿ ನನ್ನ ಸೀಟಿಗೆ ಒತ್ತಿಕೊಂಡು ಕೂತಳು.

ಅಲ್ಲೂ ಬುದ್ಧಿ ಕೆಟ್ಟಿತು. ಅಭ್ಯಾಸದಂತೆ ನೆರಳು ಹುಡುಕಿ, ಇದ್ದ ಒಂದೇ ಮರದ ಕೆಳಗೆ ನಿಲ್ಲಿಸಿದೆ. ಪಕ್ಕದಲ್ಲಿ ಕಾರಿಗೆ ಕಟ್ಟಿ ಎಳೆಯುವ ಮನೆಗಾಡಿ, ಒಂದು ಕ್ಯಾರವಾನ್, ಅದರ ಮುಂದೆ ಎರಡು ಗ್ಯಾಸ್ ಸಿಲಿಂಡರ್, ಮೆಟ್ಟಿಲ ಮೇಲೆ ಕಲ್ಲಂಗಡಿ ತಿನ್ನುತ್ತ ಇಬ್ಬರು ಚಿಕ್ಕ ಮಕ್ಕಳು. ಸುತ್ತ ಸೊಂಟದೆತ್ತರದ ಒಣ ಹುಲ್ಲು. ಕೈಚೀಲದಲ್ಲಿ ಮಾತ್ರೆ ಡಬ್ಬಿಯೊಳಗೆ ಸುತ್ತಿಟ್ಟಿದ್ದ ಆ ಗೇಣುದ್ದದ ತುಂಡನ್ನು ತೆಗೆದು ಬೆಳಕಿಗೆ ಹಿಡಿದೆ. ಪೈಲಟ್ ವೇಷದ ಆ ಹಾಸ್ಯನಟ ಹುಬ್ಬೇರಿಸಿ ನಿಂತಿದ್ದ. ಅವನ ಪಕ್ಕದಲ್ಲಿ, ಕಪ್ಪು ಅಂಚಿನೊಳಗೆ, ಬಿಳಿ ಅಕ್ಷರ.

ಈಗ ಬರೆಯುವುದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ತಾಣದ ಹಿಂದೆ ಒಂದು ಒಣ ಹಳ್ಳವಿತ್ತು. ಡಬ್ಬಿಗಳನ್ನು ಅಲ್ಲಿಗೆ ಎಸೆದು ಹೊರಟುಬಿಟ್ಟರೆ? ಅಗ್ನಿಶಾಮಕ ದಳ ಬಂದರೆ ರಿಪೋರ್ಟ್ ಆಗುತ್ತದೆ, ಅಪಾಯಕಾರಿ ವಸ್ತುವನ್ನು ಖಾಸಗಿ ಕಾರಿನಲ್ಲಿ ಸಾಗಿಸಿದವಳಿಗೆ ಸ್ಪಾನ್ಸರ್ ಪತ್ರ ಯಾರು ಕೊಡುತ್ತಾರೆ, ಪಿಆರ್ ಹೋಯಿತು, ರಿಯಾಳ ಸ್ಕೂಲು, ಪಾಯಿಂಟ್ ಕುಕ್‌ನ ಮನೆ, ಎಲ್ಲ ಹೋಯಿತು. ಕಾರಿನ ಕೀ ಹಿಡಿದು ಅರ್ಧ ನಿಮಿಷ ಹಾಗೇ ನಿಂತಿದ್ದೆ. ಒಣ ಹುಲ್ಲು ಕಣ್ಣಿಗೆ ಕಾಣುತ್ತಿತ್ತು, ಕಲ್ಲಂಗಡಿ ತಿನ್ನುವ ಮಕ್ಕಳೂ ಕಾಣುತ್ತಿದ್ದರು. ಆದರೂ ಅರ್ಧ ನಿಮಿಷ ನಿಂತಿದ್ದೆ. ಆ ಅರ್ಧ ನಿಮಿಷದ ಬಗ್ಗೆ ಈಗಲೂ ನಾಚಿಕೆಯಾಗುತ್ತದೆ.

ರಿಯಾ ನನ್ನ ಮುಖವನ್ನೇ ನೋಡುತ್ತಿದ್ದಳು. "ವಿ ಹ್ಯಾವ್ ಟು ಕಾಲ್, ಅಮ್ಮಾ" ಎಂದಳು. ನನ್ನ ಕೈಯಿಂದ ಫೋನ್ ಕಿತ್ತುಕೊಂಡು ತಾನೇ ತುರ್ತು ಸಂಖ್ಯೆ ಟ್ರಿಪಲ್ ಝೀರೋ ಒತ್ತಿದಳು.

ಆಗ ನನಗೆ ಪ್ರಜ್ಞೆ ಬಂದಂತಾಯಿತು. ಕ್ಯಾರವಾನಿನವರಿಗೆ ಕೂಗಿ ಹೇಳಿದೆ. ಅವರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಆದರೆ ಸಿಲಿಂಡರ್‌ಗಳು ಅಲ್ಲೇ ಇದ್ದವು, ನನ್ನ ಕಾರಿನಿಂದ ನಾಲ್ಕು ಹೆಜ್ಜೆ. ತಾಣದ ಇನ್ನೊಂದು ತುದಿಯಲ್ಲಿ ಲಾರಿಗಳಿಗಾಗಿ ಜಲ್ಲಿ ಹಾಕಿದ ಅಂಗಳ ಖಾಲಿ ಬಿದ್ದಿತ್ತು, ಅಲ್ಲಿ ಹುಲ್ಲಿಲ್ಲ. ಕಾರನ್ನು ಅಲ್ಲಿಗೆ ಸಾಗಿಸಲೇಬೇಕು ಅನಿಸಿತು. ಗ್ರೇಮ್‌ನನ್ನು ಕೇಳಿದರೆ ಬೇಡ ಎನ್ನುತ್ತಿದ್ದ, ಅದಕ್ಕೇ ಕೇಳಲಿಲ್ಲ. ರಿಯಾಳನ್ನು ಟಾಯ್ಲೆಟ್ ಕಟ್ಟಡದ ಹಿಂದಕ್ಕೆ ಹೋಗು ಎಂದು ತಳ್ಳಿ, ಬಾಗಿಲು ತೆರೆದೆ.

"ಬೇಡ ಅಮ್ಮಾ! ಹೋಗ್ಬೇಡ! ನಂಗೆ ಭಯ ಆಗ್ತಿದೆ!"

ಇಲ್ಲಿಗೆ ಬಂದ ಐದು ವರ್ಷದಲ್ಲಿ ಅವಳ ಬಾಯಿಂದ ಒಂದಿಡೀ ಕನ್ನಡ ವಾಕ್ಯ ಕೇಳಿರಲಿಲ್ಲ. ಕೇಳಬೇಕೆಂದು ಎಷ್ಟು ಗೋಗರೆದಿದ್ದೆ! ಹೀಗೆ ಕೇಳುವುದಕ್ಕಿಂತ ಅವಳು ಜನ್ಮವಿಡೀ ಇಂಗ್ಲಿಷಿನಲ್ಲೇ ಮಾತಾಡಲಿ ಎನಿಸಿತು. ನನಗೂ ಭಯ ಕಣೇ ಎಂದು ಹೇಳಲಿಲ್ಲ. ಕಾರು ಹತ್ತಿದೆ. ಇನ್ನೂರು ಮೀಟರ್ ಇರಬಹುದು. ಎಲ್ಲ ಕಿಟಕಿ ಇಳಿಸಿ, ಆಮೆಯ ಹಾಗೆ ಓಡಿಸಿದೆ. ಹಿಂದೆ ಡಬ್ಬಿಗಳು ಒಂದಕ್ಕೊಂದು ತಾಗಿ ಟಕ್ ಟಕ್ ಅನ್ನುತ್ತಿದ್ದವು. ಆ ಹಾಳು ಸಿನಿಮಾದಲ್ಲಿ ಎಲ್ಲೂ ಹುಟ್ಟದ ಭಯವೆಲ್ಲ ಒಟ್ಟಾಗಿ ಬಂದು ನನ್ನ ಬೆನ್ನ ಹಿಂದೆ ಕೂತಿತ್ತು. ಜಲ್ಲಿಯ ಮೇಲೆ ನಿಲ್ಲಿಸಿ, ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಅಂಗಾಲು ಸುಟ್ಟದ್ದು ಗೊತ್ತಾದದ್ದು ಸಂಜೆಗೆ.

ಅಗ್ನಿಶಾಮಕ ದಳ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ನಾನೂ ರಿಯಾಳೂ ಗೋಡೆಗೆ ಒರಗಿ, ಕೈಕೈ ಹಿಡಿದು, ದೂರದ ಕಾರನ್ನೇ ನೋಡುತ್ತ ಕೂತೆವು. ಬಂದವರ ಮುಖ್ಯಸ್ಥೆ ಅರವತ್ತರ ಹತ್ತಿರದ ಹೆಂಗಸು. ಎಲ್ಲ ಕೇಳಿಕೊಂಡು, ಡಬ್ಬಿಗಳನ್ನು ಕಾರಿಗೆ ಹಾಕಿದ್ದು ಯಾರು ಎಂದಳು. ನಾನೇ ಎಂದೆ. ಅಷ್ಟು ಹೊತ್ತು ಹೆದರಿದ್ದ ಆ ಮಾತು ಬಾಯಿಂದ ಹೊರಬಿದ್ದಾಗ ಅಂಥದ್ದೇನೂ ಆಗಲಿಲ್ಲ. ಅವಳು ಬರೆದುಕೊಂಡಳು.

ಮುಖಕವಚ ತೊಟ್ಟವರು ಉದ್ದ ಕೊಕ್ಕೆಯಿಂದ ಒಂದೊಂದೇ ಡಬ್ಬಿ ಹೊರತೆಗೆದು ನೀರಿನ ಪೀಪಾಯಿಗೆ ಇಳಿಸಿದರು. ನಾಲ್ಕನೆಯದರ ಮುಚ್ಚಳ ಉಬ್ಬಿತ್ತು. ಟೇಪಿನ ಅಂಚಿನಿಂದ ಜೇನಿನಂಥ ಕಂದು ಅಂಟು ಸೋರಿ ನಮ್ಮ ಬೆಡ್‌ಶೀಟಿಗೆ ಹತ್ತಿತ್ತು. ಅಂದರೆ ಫಿಲ್ಮ್ ಕೊಳೆತು ಕರಗುತ್ತಿತ್ತು. ರಿಯಾಳ ಸಾಕ್ಸ್ ವಾಸನೆ ಅದೇ. ನನ್ನ ಮಾತ್ರೆ ಡಬ್ಬಿಯ ತುಂಡನ್ನೂ ಕೇಳಿ ತಗೊಂಡರು. ಅಲ್ಲಿ ಏನೂ ಹೊತ್ತಿಕೊಳ್ಳಲಿಲ್ಲ. ಆ ದಿನ ಬೆಂಕಿಯ ಒಂದು ಕಿಡಿಯನ್ನೂ ನಾವು ನೋಡಲಿಲ್ಲ.

ನೋಡಿದ್ದು ಹತ್ತು ದಿನದ ಮೇಲೆ. ಯಾವುದೋ ಕಲ್ಲುಕ್ವಾರಿಯಲ್ಲಿ ಅವನ್ನು ಸುಟ್ಟು ವಿಲೇವಾರಿ ಮಾಡಿದರು. ಆ ಮುಖ್ಯಸ್ಥೆ ಚಿಕ್ಕ ವಿಡಿಯೋ ಕಳಿಸಿದ್ದಳು. ನಾಲ್ಕನೆಯ ರೀಲಿಗೆ ಬೆಂಕಿ ತಾಗಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ನೀರಿನೊಳಗೇ ಅದು ಉರಿಯುತ್ತದೆ, ನೀರು ಕುದಿದು ಮೇಲೇಳುತ್ತದೆ, ಹಳದಿ ಹೊಗೆಯಲ್ಲಿ ಪರದೆ ತುಂಬಿಹೋಗುತ್ತದೆ. ರಿಯಾ ಒಂದು ಸಲ ನೋಡಿ ಎದ್ದುಹೋದಳು. ನಾನು ಹಲವು ಸಲ ನೋಡಿದೆ. ಪ್ರತಿ ಸಲವೂ ಆ ತೊಟ್ಟಿಯಿರುವ ಜಾಗದಲ್ಲಿ ನಮ್ಮ ಹಿಂದಿನ ಸೀಟು ಕಾಣುತ್ತಿತ್ತು.

ಸಂಸ್ಥೆಗೆ ಏನನ್ನೂ ಮುಚ್ಚಿಡದೆ ವರದಿ ಬರೆದೆ, ಹಳ್ಳದ ಯೋಚನೆಯೊಂದನ್ನು ಬಿಟ್ಟು. ಲಿಖಿತ ಎಚ್ಚರಿಕೆ ಸಿಕ್ಕಿತು. ಒಂದು ವರ್ಷ ಡಬ್ಬಿ ಮುಟ್ಟುವಂತಿಲ್ಲ, ಲೇಬಲ್ ಟೈಪ್ ಮಾಡುವ ಕೆಲಸ. ಗ್ರೇಮ್ ಸ್ಪಾನ್ಸರ್ ಪತ್ರ ಕೊಟ್ಟ, ಆದರೆ ಆ ವರ್ಷ ಕಳೆದ ಮೇಲೆ. ಪಿಆರ್ ತಡವಾಗಿ ಬಂತು. ನಾನು ಗೊಣಗಲಿಲ್ಲ.

ಉಳಿದದ್ದು ಡೆನಿಸ್ ಅಂಕಲ್‌ಗೆ ಹೇಳುವುದು. ಅವರ ಅಪ್ಪ ಹೇಳಿದ್ದೇ ನಿಜ, ತಿಳಿಯದವಳು ನಾನು. ಆ ಡಬ್ಬಿಗಳನ್ನು ಒಂದು ಆಯುಷ್ಯವಿಡೀ ಸುಡದೆ ಕಾಪಾಡಿದ ಮನೆಯವರಿಗೆ, ನಾನು ಮೂರೇ ದಿನದಲ್ಲಿ ಮುಗಿಸಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಮೂರು ವಾರ ಅವರ ಫೋನ್ ಎತ್ತದೆ ತಪ್ಪಿಸಿಕೊಂಡೆ. ಕೊನೆಗೊಂದು ಭಾನುವಾರ ಬೆಳಿಗ್ಗೆ ನಾನೇ ಮಾಡಿ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಬಯ್ಯಲಿ ಎಂದು ಕಾದೆ.

"ಮಗು ಸರಿ ಉಂಟಲ್ಲ?" ಎಂದರು.

"ಹೂಂ ಅಂಕಲ್. ಚೆನ್ನಾಗಿದ್ದಾಳೆ."

"ಹಾಗಾದ್ರೆ ಮುಗೀತು. ಅದು ಆವತ್ತೂ ಮೂರೇ ದಿನ ಓಡಿದ್ದು ಮಾರಾಯ್ತಿ." ನಗಲು ಹೋದರು, ಆಗಲಿಲ್ಲ. ಮತ್ತೆ ಕೇಳಿದರು: "ಅಪ್ಪನಿಗೆ ಗೊತ್ತಿತ್ತು, ಅಲ್ವಾ?"

"ಅವರಿಗೆ ಗೊತ್ತಿತ್ತು ಅಂಕಲ್. ನನಗೇ ಗೊತ್ತಿರಲಿಲ್ಲ."

ಈಗ ನಾನು ಡಬ್ಬಿ ಮುಟ್ಟುತ್ತೇನೆ, ಹೊಸಬರಿಗೆ ಕಲಿಸುತ್ತಲೂ ಇದ್ದೇನೆ. ಅಕ್ಷರ ಕಪ್ಪೋ ಬಿಳುಪೋ ನೋಡಿ ಎಂಬ ಪಾಠ ಎಲ್ಲ ಪುಸ್ತಕದಲ್ಲೂ ಇದೆ, ಅದನ್ನು ನಾನು ಎರಡನೆಯದಾಗಿ ಹೇಳುತ್ತೇನೆ. ಯೂನಿಫಾರ್ಮ್ ಹಾಕಿದವನೆಲ್ಲ ಸೈನಿಕನಲ್ಲ ಎಂದು ರಿಯಾ ಸೋಫಾದಲ್ಲಿ ಬಿದ್ದು ನಕ್ಕದ್ದನ್ನೂ ಹೇಳುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲ ಪಾಠ ಬೇರೆ. ಯಾರ ಮನೆಗೆ ಹೋದರೂ ಟಾರ್ಚನ್ನು ಚೀಲದಲ್ಲೇ ಬಿಟ್ಟು, ಕೈಕಟ್ಟಿ ಕೂತು, ಆ ಮನೆಯ ಹಿರಿಯರನ್ನು ಕೇಳಬೇಕು: ಈ ಡಬ್ಬಿಯ ಹತ್ತಿರ ಏನು ಮಾಡಬಾರದು ಅಂತ ನಿಮ್ಮ ಮನೆಯಲ್ಲಿ ಹೇಳುತ್ತಿದ್ದರು? ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು, ಅವರು ಹೇಳಿದ್ದನ್ನು ಪೂರ್ತಿ ಬರೆದುಕೊಳ್ಳಬೇಕು.